ಒಂಟಿ ನಡಿಗೆ ಅಪರಾಧವೆ?

ದೆಹಲಿಯ ಕನ್ನಡಿಗರ ವಲಯದಲ್ಲಿ ಕೆಲವು ಕಾಲದಿಂದ ಒಂದು ಉಪದೇಶ ಪದೇ ಪದೇ ಕಿವಿಗೆ ಬೀಳುತ್ತಿದೆ: ಹಿಮಾಲಯಕ್ಕೆ ಹೋಗುವುದಾದರೆ ತಂಡದೊಡನೆ ಹೋಗಿ, ಒಬ್ಬರೇ ಹೋಗಬೇಡಿ. ಹಾಗೆ ಹೇಳುವವರ ಕಾಳಜಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಈಚೆಗೆ ಅದು ಉಪದೇಶದ ಎಲ್ಲೆ ದಾಟಿ ಬೇಡಿಕೆಯ ರೂಪ ತಾಳಿದೆ. ಒಂಟಿ ಚಾರಣವನ್ನು ಸರ್ಕಾರ ನಿಷೇಧಿಸಬೇಕಂತೆ! ಐವತ್ತು ದಾಟಿದ ಮೇಲೂ ವರ್ಷಕ್ಕೊಮ್ಮೆ ಬೆನ್ನಿಗೆ ಚೀಲವೇರಿಸಿ, ಗಳಿಕೆ ರಜೆ ಹಾಕಿ, ಒಬ್ಬನೇ ಆ ಎತ್ತರಗಳಲ್ಲಿ ಅಲೆದು ಬರುವ ನಾನು ಇದಕ್ಕೆ ಉತ್ತರ ಕೊಡಲೇಬೇಕಾಗಿದೆ.

ಬೇಡಿಕೆಗೆ ಆಧಾರವೆಂದು ಎಲ್ಲರೂ ಎತ್ತಿ ತೋರಿಸುವುದು 2024ರ ಜೂನ್ ತಿಂಗಳ ಸಹಸ್ರತಾಲ್ ದುರಂತವನ್ನು. ಉತ್ತರಾಖಂಡದ ಆ ಸರೋವರ ನಾಲ್ಕು ಸಾವಿರ ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ಅಲ್ಲಿಗೆ ಹೋಗಿದ್ದ 22 ಜನರಲ್ಲಿ 18 ಮಂದಿ ಕರ್ನಾಟಕದಿಂದ ಬಂದವರು, ಮೂವರು ಸ್ಥಳೀಯ ಮಾರ್ಗದರ್ಶಕರು. ಹಿಂದಿರುಗುವಾಗ ಹಿಮಗಾಳಿ ಅಡಗಟ್ಟಿತು. ಒಂಬತ್ತು ಜನ ಮಡಿದರು. ಅವರ ಬಗ್ಗೆ ಒಂದೇ ಒಂದು ಅಪಸ್ವರವನ್ನೂ ನಾನು ಎತ್ತಲಾರೆ. ಕೇಳುವುದಿಷ್ಟೆ: ಈ ದುರಂತವನ್ನು ಮುಂದಿಟ್ಟು ಒಂಟಿ ಚಾರಣದ ಮೇಲೆ ವಾದ ಹೂಡುವುದು ಯಾವ ತರ್ಕ? ಅವರಲ್ಲಿ ಯಾರೂ ಒಂಟಿಯಾಗಿರಲಿಲ್ಲ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಾಂಡಾ ಶಿಖರದ ಬಳಿ ಹಿಮಕುಸಿತಕ್ಕೆ ಸಿಕ್ಕಿದ್ದು ಪರ್ವತಾರೋಹಣ ಸಂಸ್ಥೆಯೊಂದರ ಶಿಕ್ಷಣಾರ್ಥಿಗಳ ತಂಡ. ಇಪ್ಪತ್ತೈದಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ತರಬೇತಿಯಿತ್ತು, ಹಗ್ಗವಿತ್ತು, ಸಂಗಡಿಗರಿದ್ದರು. ಸಂಖ್ಯೆಯೊಂದೇ ರಕ್ಷೆಯಾಗಿದ್ದರೆ ಇವೆರಡೂ ನಡೆಯಬಾರದಿತ್ತು.

ನನ್ನ ಅನುಭವದಲ್ಲಿ ಎತ್ತರದಲ್ಲಿ ಮನುಷ್ಯನ ಮೊದಲ ವೈರಿ ವೇಳಾಪಟ್ಟಿ. ವೈದ್ಯರು ಹೇಳುವ ನಿಯಮ ಸರಳವಾದದ್ದು: ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ತಂಗಬೇಕು. ಮಾರಾಟಕ್ಕಿಟ್ಟ ಐದಾರು ದಿನದ ಯಾತ್ರೆಗಳಲ್ಲಿ ಈ ತಂಗುವ ದಿನ ಎಲ್ಲಿದೆ? ರೈಲಿನ ಟಿಕೆಟು ಕಾದಿರಿಸಿದೆ, ಕಚೇರಿಯ ರಜೆ ಸೋಮವಾರಕ್ಕೆ ಮುಗಿಯುತ್ತದೆ, ಇದೇ ಡೇರೆಗಳಿಗಾಗಿ ಹಿಂದಿನಿಂದ ಇನ್ನೊಂದು ತಂಡ ಏರಿ ಬರುತ್ತಿದೆ. ತಲೆ ಸಿಡಿಯುತ್ತಿರುವವನು ಬಾಯಿ ಬಿಡುವುದಿಲ್ಲ. ಬಿಟ್ಟರೆ ಇಪ್ಪತ್ತು ಜನರ ದಿನ ಕೆಡುತ್ತದಲ್ಲ ಎಂಬ ದಾಕ್ಷಿಣ್ಯ. (ನಮ್ಮವರಿಗೆ ಈ ದಾಕ್ಷಿಣ್ಯ ತುಸು ಹೆಚ್ಚೇ.) ಒಂಟಿಗನಿಗೆ ದಾಕ್ಷಿಣ್ಯ ತೋರಲು ಯಾರೂ ಇಲ್ಲ. ಅವನು ಹಿಂದಿರುಗಬಲ್ಲ. ಅವನ ಚೀಲದಲ್ಲಿರುವ ಅತ್ಯಂತ ಬೆಲೆಯುಳ್ಳ ವಸ್ತು ಅದೇ.

ಕಿನ್ನೌರಿನ ಕಾಫ್ನೂ ಗ್ರಾಮದಿಂದ ಹೊರಟು, ಭಾಬಾ ಕಣಿವೆಯ ಹುಲ್ಲುಗಾವಲುಗಳನ್ನು ಹಾದು, ಸುಮಾರು 4,900 ಮೀಟರ್ ಎತ್ತರದ ಕಣಿವೆಬಾಗಿಲನ್ನು ದಾಟಿ ಸ್ಪಿತಿಯ ಮೂಧ್ ಗ್ರಾಮಕ್ಕೆ ಇಳಿಯುವ ದಾರಿಯೊಂದಿದೆ. ಪಿನ್-ಭಾಬಾ ಎಂದು ಅದರ ಹೆಸರು. ಈಚೆ ಮೊಣಕಾಲುದ್ದದ ಹಸಿರು, ಆಚೆ ಹುಲ್ಲುಕಡ್ಡಿಯೂ ಅಪರೂಪವಾದ ಕೆಂಪು ಕಂದು ಮಣ್ಣಿನ ಮರುಭೂಮಿ. ನಡುವೆ ಒಂದು ದಿನದ ನಡಿಗೆ. ನಾನು ಆ ದಾರಿಯಲ್ಲಿ ಫುಟ್ಸಿರಂಗ್ ಎಂಬ ಬೀಡಿನವರೆಗೆ ಏರಿದ ಸಂಜೆ ಮೋಡ ಕವಿಯಿತು. ಕುರಿಗಾಹಿಯೊಬ್ಬ ಆಕಾಶವನ್ನೊಮ್ಮೆ, ನನ್ನ ಬೂಟುಗಳನ್ನೊಮ್ಮೆ ನೋಡಿ, “ನಾಳೆ ಬೇಡ, ಬಾಬೂಜಿ” ಎಂದ. ಬೆಳಿಗ್ಗೆ ಡೇರೆ ಬಿಚ್ಚಿ ಕೆಳಗಿನ ಕಾರಾ ಬಯಲಿಗೆ ಇಳಿದೆ. ಎರಡು ರಾತ್ರಿ ಅಲ್ಲೇ ಕಳೆದೆ. ಅವಲಕ್ಕಿ ಇತ್ತು, ಬೆಲ್ಲವಿತ್ತು, ರಜೆಯಲ್ಲಿ ಬೇಕೆಂದೇ ಉಳಿಸಿಕೊಂಡ ಮೂರು ದಿನಗಳಿದ್ದವು. ನಾನು ಇಳಿಯುವಾಗ ಹದಿನಾಲ್ಕು ಜನರ ತಂಡವೊಂದು ಮಳೆಯಲ್ಲೇ ಏರುತ್ತಿತ್ತು. ಮೂಧ್‌ನಲ್ಲಿ ಅವರಿಗಾಗಿ ಗೊತ್ತು ಮಾಡಿದ ದಿನಕ್ಕೆ ಜೀಪು ಬರುವುದಿತ್ತಂತೆ. ಅವರು ಕ್ಷೇಮವಾಗಿಯೇ ದಾಟಿದರೆಂದು ಅನಂತರ ತಿಳಿಯಿತು. ಸಂತೋಷ. ಆದರೆ ಅದನ್ನು ಯೋಜನೆಯ ಫಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ.

ಹಾಗೆಂದು ಒಂಟಿ ನಡಿಗೆ ನಿರಪಾಯವೆಂದು ವಾದಿಸುವಷ್ಟು ಮೂಢನೂ ನಾನಲ್ಲ. ಕುಲ್ಲು ಜಿಲ್ಲೆಯ ಪಾರ್ವತಿ ಕಣಿವೆಯಲ್ಲಿ ಕಾಣೆಯಾದ ಪ್ರವಾಸಿಗಳು ಹಲವರು. 2016ರಲ್ಲಿ ಮಂತಲಾಯಿ ಸರೋವರದ ಕಡೆಗೆ ಹೋದ ಅಮೆರಿಕದ ಜಸ್ಟಿನ್ ಅಲೆಕ್ಸಾಂಡರ್ ಶೆಟ್ಲರ್ ಇಂದಿಗೂ ಸಿಕ್ಕಿಲ್ಲ. ಕಾಲು ಉಳುಕಿದರೆ ತಂಡದಲ್ಲಿ ಅದೊಂದು ತೊಂದರೆ, ಒಂಟಿಗನಿಗೆ ಅದೇ ಮರಣಕಾರಣವಾಗಬಹುದು. ಬಿದ್ದವನು ಎಲ್ಲಿ ಬಿದ್ದಿದ್ದಾನೆಂದು ಯಾರಿಗೂ ತಿಳಿಯದಿರುವುದೇ ನಿಜವಾದ ಅಪಾಯ. ಇದಕ್ಕೆ ಪರಿಹಾರ ಇಲ್ಲದಿಲ್ಲ. ಅಂಗೈಯಗಲದ ಉಪಗ್ರಹ ಸಂದೇಶ ಸಾಧನಗಳನ್ನು ಬೇರೆ ದೇಶಗಳ ಚಾರಣಿಗರು ಊರುಗೋಲಿನಷ್ಟೇ ಸಹಜವಾಗಿ ಒಯ್ಯುತ್ತಾರೆ. ನಮ್ಮಲ್ಲಿ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. 1885ರ ತಂತಿ ಕಾಯಿದೆ, 1933ರ ನಿಸ್ತಂತು ಕಾಯಿದೆಗಳ ಕಾಲದಿಂದ ಬಂದ ಈ ಕಟ್ಟುಪಾಡು 2023ರ ಹೊಸ ದೂರಸಂಪರ್ಕ ಕಾಯಿದೆ ಬಂದ ಮೇಲೂ ಸಡಿಲವಾಗಿಲ್ಲ. 2024ರ ಡಿಸೆಂಬರಿನಲ್ಲಿ ಗೋವೆಯಲ್ಲಿ, 2025ರ ಜನವರಿಯಲ್ಲಿ ದೆಹಲಿಯಲ್ಲಿ, ಇಂಥ ಸಾಧನ ಚೀಲದಲ್ಲಿತ್ತೆಂಬ ಕಾರಣಕ್ಕೆ ವಿದೇಶಿ ಪ್ರವಾಸಿಗಳನ್ನು ವಿಮಾನ ನಿಲ್ದಾಣದಲ್ಲಿ ತಡೆದು ಪೊಲೀಸರಿಗೆ ಒಪ್ಪಿಸಲಾಯಿತು.

ಗಡಿಯ ಭದ್ರತೆಯ ಪ್ರಶ್ನೆ ಇದೆಯೆಂಬುದನ್ನು ಬಲ್ಲೆ. ನಾನೂ ಕೇಂದ್ರ ಸರ್ಕಾರದ ಅನ್ನ ಉಣ್ಣುವವನೇ, ನಡತೆಯ ನಿಯಮಗಳನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಆದರೆ ಮಾತನಾಡಲು ಬಾರದ, ಆಪತ್ತಿನ ಕರೆಯೊಂದನ್ನು ಮಾತ್ರ 406 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಉಪಗ್ರಹಕ್ಕೆ ಕಳುಹಿಸುವ ಸಾಧನವೂ ಇದೆ. ಹಡಗು ಮತ್ತು ವಿಮಾನಗಳಲ್ಲಿ ಅದು ಬಳಕೆಯಲ್ಲಿದೆ. ಕಾಸ್ಪಾಸ್-ಸಾರ್ಸಾಟ್ ಎಂಬ ಆ ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಭಾರತವೂ ಪಾಲುದಾರ. ಅದರ ಭಾರತೀಯ ನಿಯಂತ್ರಣ ಕೇಂದ್ರ ಇರುವುದೆಲ್ಲಿ? ಬೆಂಗಳೂರಿನಲ್ಲಿ, ಇಸ್ರೋ ಸಂಸ್ಥೆಯ ಆವರಣದಲ್ಲಿ. ಸಹಸ್ರತಾಲ್‌ನಲ್ಲಿ ಮಡಿದವರು ವಾಸವಾಗಿದ್ದ ಊರಿನಲ್ಲೇ ಆ ಕರೆಯನ್ನು ಕೇಳುವ ಕಿವಿಯಿತ್ತು. ಹೆಲಿಕಾಪ್ಟರುಗಳು ಹಾರಿದ್ದು ಜೂನ್ 5ರಂದು. ಹಿಮಗಾಳಿ ಬೀಸಿದ್ದು 3ರಂದು.

ನಿಯಂತ್ರಣ ಬೇಡವೆಂದು ನಾನು ಹೇಳುತ್ತಿಲ್ಲ. 2018ರ ಆಗಸ್ಟಿನಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ, ಪ್ರವಾಸಿಗಳ ಸಂಖ್ಯೆಯನ್ನು 200ಕ್ಕೆ ಮಿತಿಗೊಳಿಸಿತು. ಆ ಹುಲ್ಲನ್ನು ಹಾಳುಗೆಡವಿದ್ದು ಋತುವಿಡೀ ಬೀಡುಬಿಟ್ಟ ಡೇರೆಗಳ ಊರುಗಳೇ ಹೊರತು ಒಂದು ರಾತ್ರಿ ಮಲಗೆದ್ದು ಹೋದ ಒಬ್ಬನಲ್ಲ. ಆದರೆ ಆದೇಶ ಇಬ್ಬರಿಗೂ ಒಂದೇ. 2024ರ ಜನವರಿಯಲ್ಲಿ ನಮ್ಮ ಕುಮಾರಪರ್ವತದ ಬುಡದಲ್ಲಿ ನೆರೆದ ಜಾತ್ರೆಯನ್ನು ಕಂಡ ಮೇಲೆ ಕರ್ನಾಟಕದ ಅರಣ್ಯ ಇಲಾಖೆಯೂ ಮುಂಗಡ ನೋಂದಣಿ ತಂದಿತು. ಸಂಖ್ಯೆಗೆ ಮಿತಿ ಹಾಕಲಿ, ಶುಲ್ಕ ಕೇಳಲಿ, ಹೆಸರು ಬರೆಸಿಕೊಳ್ಳಲಿ. ಒಬ್ಬನಾಗಿದ್ದಾನೆಂಬ ಒಂದೇ ಕಾರಣಕ್ಕೆ ತಡೆಯದಿರಲಿ.

ಪರನಾಡಿನಲ್ಲಿರುವ ನಮ್ಮ ಸಂಘಗಳು ದುರಂತ ನಡೆದಾಗ ಮೃತರ ಬಂಧುಗಳಿಗೆ ನೆರವಾಗುವುದನ್ನು ಬಲ್ಲವು. ದುರಂತದ ಮುಂಚೆ ಮಾಡಬಹುದಾದ ಕೆಲಸವೂ ಒಂದಿದೆ. ಚಾರಣದಾರಿಗಳ ಅರಣ್ಯ ಠಾಣೆಗಳಲ್ಲಿ, ಠೇವಣಿ ಮತ್ತು ಗುರುತಿನ ಚೀಟಿ ಪಡೆದು, ಈ ಆಪತ್ತಿನ ಕರೆಸಾಧನವನ್ನು ಒಂಟಿಗರಿಗೂ ತಂಡಗಳಿಗೂ ಬಾಡಿಗೆಗೆ ಕೊಡುವ ಏರ್ಪಾಡಾಗಬೇಕೆಂದು ದೂರಸಂಪರ್ಕ ಇಲಾಖೆಗೂ ಹಿಮಾಚಲ, ಉತ್ತರಾಖಂಡ ಸರ್ಕಾರಗಳಿಗೂ ಮನವಿ ಸಲ್ಲಿಸುವುದು. ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಮಂಡಿಸಲು ಅವಕಾಶ ಕೋರಿ ಕಾರ್ಯದರ್ಶಿಯವರಿಗೆ ಪತ್ರ ಬರೆದಿದ್ದೇನೆ. ಮನವಿಯ ಕರಡು ಸಿದ್ಧವಾಗಿದೆ; ಸಹಿಗಳು ಬೇಕು.