ಎಣಿಸದ ಜೀವಕ್ಕೆ ಕಡತದಲ್ಲಿ ಬೆಲೆಯಿಲ್ಲ

‘ವೈಮಾನಿಕ ಸಮೀಕ್ಷೆ’ ಎಂದೊಡನೆ ನಮಗೆ ನೆನಪಾಗುವುದು ನೆರೆಹಾವಳಿ. 2009 ಮತ್ತು 2019ರಲ್ಲಿ ಉತ್ತರ ಕರ್ನಾಟಕ ಜಲಾವೃತವಾದಾಗ ಮುಖ್ಯಮಂತ್ರಿಗಳು ಹೆಲಿಕಾಪ್ಟರಿನಿಂದ ವೀಕ್ಷಿಸಿದ್ದನ್ನು ಓದುಗರು ಬಲ್ಲರು. ಈ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಯುರೋಪಿನ ರಾಷ್ಟ್ರಗಳು 1994, 2005, 2016 ಮತ್ತು 2022ರಲ್ಲಿ ಹಡಗು, ವಿಮಾನಗಳ ನೆರವಿನಿಂದ ತಮ್ಮ ಕಡಲಿನ ಡಾಲ್ಫಿನ್ ಹಾಗೂ ತಿಮಿಂಗಿಲಗಳನ್ನು ಗಣತಿ ಮಾಡಿದವು. ಸುಮಾರು 600 ಅಡಿ ಎತ್ತರದಲ್ಲಿ, ಮೊದಲೇ ಗುರುತಿಸಿದ ಸರಳರೇಖೆಗಳ ಮೇಲೆ ವಿಮಾನ ಹಾರುತ್ತದೆ. ಎರಡೂ ಬದಿಯ ವೀಕ್ಷಕರು ಕಂಡ ಪ್ರಾಣಿಗಳನ್ನು ದಾಖಲಿಸುತ್ತಾರೆ. ನೀರೊಳಗೆ ಮುಳುಗಿದ್ದು ಕಾಣದೆ ಹೋದವುಗಳ ಪ್ರಮಾಣವನ್ನು ಲೆಕ್ಕಹಾಕಿ ಅಂದಾಜನ್ನು ತಿದ್ದಲಾಗುತ್ತದೆ.

ನಮ್ಮಲ್ಲೂ ಎಣಿಕೆ ಅಸಾಧ್ಯವೇನಲ್ಲ. ಗಂಗಾ, ಬ್ರಹ್ಮಪುತ್ರ, ಸಿಂಧೂ ನದಿವ್ಯವಸ್ಥೆಗಳಲ್ಲಿ 2021ರಿಂದ 2023ರವರೆಗೆ ದೋಣಿಗಳಲ್ಲಿ ನಡೆದ ಸಮೀಕ್ಷೆಯು 6,327 ಡಾಲ್ಫಿನ್‌ಗಳಿವೆಯೆಂದು ಅಂದಾಜಿಸಿತು. ವರದಿ 2025ರಲ್ಲಿ ಹೊರಬಂತು. ಆದರೆ 320 ಕಿಲೋಮೀಟರ್ ಉದ್ದದ ನಮ್ಮ ಕರಾವಳಿಯಲ್ಲಿ ನಿಗದಿತ ಅವಧಿಗೊಮ್ಮೆ ಇಂಥ ವೈಮಾನಿಕ ಗಣತಿ ನಡೆಸುವ ಪದ್ಧತಿಯಿಲ್ಲ. ಕಾರವಾರದ ಕಾಳಿ ಅಳಿವೆ ಹಾಗೂ ಕುರುಮಗಡ ದ್ವೀಪದ ಸುತ್ತಮುತ್ತ ಕಾಣಸಿಗುವ ಗೂನುಬೆನ್ನಿನ ಡಾಲ್ಫಿನ್ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯದಂಚಿನ ಜೀವಿ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ಆಮೇಲೆ ಕಡತಗಳ ನಡುವೆ ದಶಕಗಳನ್ನು ಕಳೆದವನಾಗಿ ನಾನು ಕಲಿತದ್ದು ಒಂದೇ: ಲಾಭ–ನಷ್ಟದ ಪಟ್ಟಿಯಲ್ಲಿ ‘ಮಾಹಿತಿ ಲಭ್ಯವಿಲ್ಲ’ ಎಂಬುದು ಕಾಲಕ್ರಮದಲ್ಲಿ ‘ಸೊನ್ನೆ’ ಆಗಿಬಿಡುತ್ತದೆ. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಯನ್ನು ವಿರೋಧಿಸಿ ಮೀನುಗಾರರು ಬೀದಿಗಿಳಿದರು. ತಮ್ಮ ಜೀವನೋಪಾಯದ ಪರವಾಗಿ ಅವರು ದನಿಯೆತ್ತಬಲ್ಲರು. ಡಾಲ್ಫಿನ್‌ಗಳ ಪರವಾಗಿ ಮಾತನಾಡಬೇಕಾದದ್ದು ಅಂಕಿಸಂಖ್ಯೆಯೇ.

ವಿಮಾನವೊಂದೇ ಸಾಲದು ನಿಜ. ಅಳಿವೆಯ ಕದಡಿದ ನೀರಿನಲ್ಲಿ ಆಕಾಶದಿಂದ ಕಾಣುವುದು ಅಲ್ಪ. ಅಲ್ಲಿ ದೋಣಿಯೂ, ಸ್ಥಳೀಯ ಮೀನುಗಾರರ ಅನುಭವವೂ ಬೇಕು. ಆದರೆ ನೇತ್ರಾಣಿಯಾಚೆಯ ವಿಶಾಲ ಕಡಲನ್ನು ಅಲ್ಪಾವಧಿಯಲ್ಲಿ ಕ್ರಮಿಸಲು ವಿಮಾನವೇ ಸೂಕ್ತ ಸಾಧನ. ಜಕ್ಕೂರಿನ ತರಬೇತಿ ವಿಮಾನಗಳ ಸದ್ದು, ಯಲಹಂಕ ವಾಯುನೆಲೆಯ ಗರ್ಜನೆ ಕೇಳುತ್ತ ಬದುಕುವ ನಮಗೆ, ಈ ರಾಜ್ಯದಲ್ಲಿ ವಿಮಾನಕ್ಕೂ ವೈಮಾನಿಕರಿಗೂ ಕೊರತೆಯಿದೆಯೆಂದರೆ ನಂಬಲಾಗದು. ಮಳೆಗಾಲ ಕಳೆದು ಕಡಲು ಶಾಂತವಾದ ತಿಂಗಳುಗಳಲ್ಲಿ, ಐದು ವರ್ಷಕ್ಕೊಮ್ಮೆ, ಎರಡು ಎಂಜಿನ್‌ಗಳ ವಿಮಾನವೊಂದನ್ನು ಕೆಲವು ದಿನ ಬಾಡಿಗೆಗೆ ಪಡೆಯಲು ಅರಣ್ಯ ಇಲಾಖೆ ಆಯವ್ಯಯದಲ್ಲಿ ಅವಕಾಶ ಕಲ್ಪಿಸಲಿ. ಬಂದರು ಯೋಜನೆಗಳಿಗೆ ಒಪ್ಪಿಗೆ ನೀಡುವ ಮೊದಲು ಆ ಅಂಕಿಗಳನ್ನು ಸಾರ್ವಜನಿಕರ ಮುಂದಿಡಲಿ.

ಅನಾಹುತವಾದ ಮೇಲೆ ಮೇಲಿನಿಂದ ನೋಡುವುದು ನಮಗೆ ರೂಢಿ. ಅದಕ್ಕೆ ಮುಂಚೆ ಒಮ್ಮೆ ನೋಡುವುದು ವಿವೇಕ.