ಲೈಟ್ ಕಿಟ್‌ಗೆ ಕ್ರಿಕೆಟ್ ಬ್ಯಾಗೇ ಸಾಕು

ಹೋದ ಫೆಸ್ಟ್‌ನಲ್ಲಿ ಸೀನಿಯರ್ ಒಬ್ಬರ ಫ್ಲ್ಯಾಶ್ ಒಡೆದುಹಾಕಿದೆ. ಕೈಜಾರಿ ಬೀಳಿಸಿದ್ದೇನಲ್ಲ. ಕಾಲೇಜ್ ಬ್ಯಾಗಿನಲ್ಲಿ ಲೈಟ್ ಸ್ಟ್ಯಾಂಡ್ ಜೊತೆಗೇ ತುರುಕಿದ್ದೆ, ಬಸ್ಸಿನ ಕುಲುಕಾಟಕ್ಕೆ ಸ್ಟ್ಯಾಂಡಿನ ತುದಿ ಫ್ಲ್ಯಾಶಿನ ಮುಖಕ್ಕೆ ಗುದ್ದಿತ್ತು. ‘ಪರವಾಗಿಲ್ಲ ಬಿಡೋ’ ಅಂದರು, ಅದಕ್ಕೇ ಇನ್ನೂ ಬೇಜಾರು. ಪಾಕೆಟ್ ಮನಿಯಿಂದ ಕಂತಿನಲ್ಲಿ ತೀರಿಸ್ತಾ ಇದ್ದೀನಿ.

ಆಮೇಲೆ ಬ್ಯಾಗ್ ಹುಡುಕಲು ಕೂತೆ. ಫೋಟೋಗ್ರಫಿ ಹೆಸರಲ್ಲಿ ಮಾರೋ ಉದ್ದನೆ ಬ್ಯಾಗುಗಳ ಬೆಲೆ ನೋಡಿದರೆ, ಆ ದುಡ್ಡಿಗೆ ಇನ್ನೊಂದು ಸ್ಟ್ಯಾಂಡೇ ಬರುತ್ತಲ್ಲ ಅನ್ನಿಸಿತು. ನಾನು ಹೇಳೋದಿಷ್ಟೆ: ಒಂದೆರಡು ಫ್ಲ್ಯಾಶ್ ಇರೋ ನಮ್ಮಂಥೋರಿಗೆ ಕ್ರಿಕೆಟ್ ಕಿಟ್ ಬ್ಯಾಗ್ ಧಾರಾಳ ಸಾಕು. ನಿಯಮದ ಪ್ರಕಾರ ಬ್ಯಾಟ್ 38 ಇಂಚಿನವರೆಗೆ ಇರಬಹುದು. ಅಂಥ ಬ್ಯಾಟ್ ಹಿಡಿಸೋ ಬ್ಯಾಗಲ್ಲಿ ಮಡಚಿದ ಸ್ಟ್ಯಾಂಡ್, ಅಂಬ್ರೆಲಾ ಆರಾಮಾಗಿ ಕೂರುತ್ತವೆ. ಬ್ಯಾಟಿಗೆ ಬೇರೆ ಖಾನೆ ಇರೋದನ್ನೇ ತಗೊಳ್ಳಿ, ಸ್ಟ್ಯಾಂಡ್ ಅಲ್ಲೇ ಇರಲಿ. ಹಾಸ್ಟೆಲಲ್ಲಿ ಯಾರದಾದ್ರೂ ಹಳೇದು ಸಿಕ್ಕೇ ಸಿಗುತ್ತೆ (ಬೆವರಿನ ವಾಸನೆ ಹೋಗೋಕೆ ಎರಡು ದಿನ ಬಿಸಿಲು ಬೇಕು).

ಆದರೆ ಅದರಲ್ಲಿ ಗಾಜಿನ ಸಾಮಾನಿಗೆ ತಕ್ಕ ಮೆತ್ತೆ ಇರಲ್ಲ. ಹಳೇ ಯೋಗ ಮ್ಯಾಟ್ ಕತ್ತರಿಸಿ ಫ್ಲ್ಯಾಶ್, ಟ್ರಿಗರ್‌ಗೆ ಗೂಡು ಮಾಡಿದೆ. ಸೆಲ್‌ಗಳನ್ನು ತೆಗೆದು ಬೇರೆ ಡಬ್ಬಿಗೆ ಹಾಕ್ತೀನಿ. ಇನ್ನು ಹಿಡಿಕೆಯ ಹೊಲಿಗೆ: ಅದನ್ನು ಜೋರಾಗಿ ಎಳೆದು ನೋಡಿ. ನನ್ನದು ಸಡಿಲ ಇತ್ತು, ಚಪ್ಪಲಿ ರಿಪೇರಿ ಮಾಡೋರ ಹತ್ರ ಇನ್ನೊಂದು ಸುತ್ತು ಹೊಲಿಸಿದೆ.

ಸ್ಟುಡಿಯೋದ ದೊಡ್ಡ ಲೈಟ್ ಇಟ್ಟಿರೋರು ಮಾತ್ರ ನನ್ನ ಮಾತು ಕೇಳಬೇಡಿ. ಅದಕ್ಕೆ ಗಟ್ಟಿ ಪೆಟ್ಟಿಗೆಯೇ ಬೇಕು.