ಕಾಂಡದೊಳಗಿನ ಹುಳು, ಊರಿನ ಕೈಯಲ್ಲಿರುವ ಮದ್ದು

ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ನವಿಲುತೀರ್ಥದ ಅಣೆಕಟ್ಟನ್ನು ದಾಟಿ ಮುನವಳ್ಳಿಯ ಬಯಲಿಗೆ ಇಳಿಯುತ್ತಾಳೆ. 1970ರ ದಶಕದಿಂದೀಚೆಗೆ ಈ ಮಲೆಯ ನೀರು ಬಯಲಿನ ಬೇಸಾಯದ ಸ್ವರೂಪವನ್ನೇ ಬದಲಿಸಿದೆ. ಆದರೆ ಒಂದೇ ಜಾತಿಯ ಬೆಳೆ ಬಿಡುವಿಲ್ಲದೆ ನಿಂತ ಹೊಲವು ರೈತನೊಬ್ಬನನ್ನೇ ಅಲ್ಲ, ಕಾಂಡ ಕೊರೆಯುವ ಹುಳುವನ್ನೂ ಸಾಕುತ್ತದೆ.

ಕೀಟಶಾಸ್ತ್ರಜ್ಞರು ಕೈಲೋ ಪಾರ್ಟೆಲ್ಲಸ್ ಎಂದು ಕರೆಯುವ ಈ ಪತಂಗದ ಬಣ್ಣ ಒಣಹುಲ್ಲಿನದು. ಜೋಳ, ಗೋವಿನಜೋಳಗಳ ಎಲೆಯ ಮೇಲೆ ಅದು ಮೀನಿನ ಹುರುಪೆಯಂತೆ ಒಂದಕ್ಕೊಂದು ಅಂಟಿದ ಮೊಟ್ಟೆಗಳನ್ನಿಡುತ್ತದೆ. ನಾಲ್ಕೈದು ದಿನಗಳಲ್ಲಿ ಹೊರಬಂದ ಮರಿಗಳು ಸುಳಿಯೊಳಗೆ ಎಲೆಯನ್ನು ಕೆರೆದು ತಿಂದು, ಬಳಿಕ ಕಾಂಡವನ್ನು ಹೊಕ್ಕುತ್ತವೆ. ಎಳೆಯ ಪೈರಿನ ಸುಳಿ ಒಣಗುತ್ತದೆ. ಹಿಡಿದೆಳೆದರೆ ಕೈಗೇ ಬರುತ್ತದೆ. ಆ ಹೊತ್ತಿಗೆ ಎಲೆಯ ಮೇಲೆ ಸಿಂಪಡಿಸಿದ ವಿಷ ಬಹುಪಾಲು ವ್ಯರ್ಥ. ಕಾಂಡದೊಳಗಿನ ಹುಳು ಉಳಿಯುತ್ತದೆ. ಅದರ ಮೊಟ್ಟೆಯಲ್ಲಿ ಬೆಳೆಯುವ ಟ್ರೈಕೋಗ್ರಾಮ, ಅದರ ಒಡಲಲ್ಲೇ ಬೆಳೆದು ಅದನ್ನು ಕೊಲ್ಲುವ ಕೊಟೇಸಿಯಾ ಎಂಬ ಪುಟ್ಟ ಕಣಜಗಳು ಸಾಯುತ್ತವೆ.

ಈ ಕಣಜಗಳ ಬೆಲೆಯನ್ನು ಅರಿಯಲು ಆಫ್ರಿಕಾದತ್ತ ನೋಡಬೇಕು. ಏಷ್ಯಾದ ಈ ಪತಂಗ ಕಳೆದ ಶತಮಾನದಲ್ಲಿ ಅಲ್ಲಿಗೆ ಕಾಲಿಟ್ಟಿತು. ಅದರ ಸಹಜ ಶತ್ರು ಜೊತೆಗೆ ಹೋಗಲಿಲ್ಲ. ಕೊನೆಗೆ ವಿಜ್ಞಾನಿಗಳು ಏಷ್ಯಾದಿಂದಲೇ ಕೊಟೇಸಿಯಾವನ್ನು ಒಯ್ದು 1993ರಲ್ಲಿ ಕೀನ್ಯಾದ ಹೊಲಗಳಲ್ಲಿ ಬಿಡಬೇಕಾಯಿತು. ಸಮುದ್ರದಾಚೆಯ ರೈತರು ತರಿಸಿಕೊಂಡ ಜೀವಿಯನ್ನು ಇಲ್ಲಿ ಹಣ ಕೊಟ್ಟು ಕೊಲ್ಲಲಾಗುತ್ತಿದೆ.

ಬೆಳೆಯಿಲ್ಲದ ದಿನಗಳಲ್ಲಿ ಹುಳು ಕೂಳೆಯಲ್ಲೂ ಬಣವೆಯ ಕಣಿಕೆಯಲ್ಲೂ ನಿದ್ರಿಸಿ, ಮಳೆ ಬಿದ್ದಾಗ ಪತಂಗವಾಗಿ ಏಳುತ್ತದೆ. ಅದನ್ನು ಹಿಡಿಯಬೇಕಾದುದು ಅಲ್ಲಿಯೇ. ಮುಂಗಾರಿಗೆ ಮೊದಲು ಕಣಿಕೆಯನ್ನು ಸಣ್ಣಗೆ ಕತ್ತರಿಸಿದರೆ ದನಕ್ಕೆ ಮೇವು ಉಳಿಯುತ್ತದೆ, ಹುಳುವಿನ ಮನೆ ಅಳಿಯುತ್ತದೆ. ಬೆಂಕಿ ಹಚ್ಚುವ ಅಗತ್ಯವಿಲ್ಲ. ಕೂಳೆಯನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಬಹುದು. ಜೋಳದ ನಡುವೆ ಅಲಸಂದಿ, ತೊಗರಿಗಳ ಅಕ್ಕಡಿ ಸಾಲು ಮರಳಿ ಬರಬೇಕು. ಗೋವಿನಜೋಳದ ಮೇಲೆ ಗೋವಿನಜೋಳ ಬಿತ್ತುವ ಬದಲು ನಡುವೆ ಕಡಲೆಗೆ ಎಡೆ ಸಿಗಬೇಕು.

ಇದಾವುದೂ ಹೊಸ ವಿದ್ಯೆಯಲ್ಲ, ದುಬಾರಿಯೂ ಅಲ್ಲ. ಆದರೆ ಒಬ್ಬನಿಂದ ಆಗುವ ಕೆಲಸವೂ ಅಲ್ಲ. ಒಂದು ಹೊಲ ಶುಚಿಯಾಗಿ ಪಕ್ಕದ ಹೊಲದ ಬಣವೆ ಹಾಗೆಯೇ ಉಳಿದರೆ ಪತಂಗಕ್ಕೆ ಬದುವು ಅಡ್ಡಿಯಾಗದು. ಕಾಲುವೆಯ ನೀರಿಗೆ ಸರದಿ ಗೊತ್ತುಮಾಡಿಕೊಳ್ಳಬಲ್ಲ ಊರು, ಕೂಳೆ ಕೀಳುವುದಕ್ಕೂ ಒಂದು ವಾರವನ್ನು ಗೊತ್ತುಮಾಡಿಕೊಳ್ಳಬಲ್ಲದು. ವಿಷದ ಬಾಟಲಿಯನ್ನು ಒಬ್ಬ ರೈತ ಒಂಟಿಯಾಗಿ ಕೊಳ್ಳಬಹುದು. ಈ ಮದ್ದನ್ನು ಮಾತ್ರ ಊರು ಒಟ್ಟಾಗಿಯೇ ಮಾಡಿಕೊಳ್ಳಬೇಕು.